ಈ ಕಾಯಿಲೆ ಕೆಲಸದಿಂದ ಬಂದದ್ದಾ? ಕರಾವಳಿಯ ಕೆಲಸಗಾರರಿಗೆ ಒಂದು ಮಾರ್ಗದರ್ಶಿ

"ನನಗೆ ದಮ್ಮು ಶುರುವಾಗಿದೆ, ಇದು ಕೆಲಸದಿಂದ ಬಂದದ್ದಾ?" "ಯಜಮಾನರು ಕ್ರಷರ್‌ನಲ್ಲಿ ದುಡಿದು ತೀರಿಕೊಂಡರು, ಏನಾದರೂ ಪರಿಹಾರ ಸಿಗುತ್ತದಾ?" "ಬೀಡಿ ಕಟ್ಟುವಾಗ ತಲೆ ಸುತ್ತುತ್ತದೆ, ಯಾರಿಗೆ ತೋರಿಸಲಿ?" ಮಂಗಳೂರು, ಉಡುಪಿ ಕಡೆಯ ಓದುಗರು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾ ಇರುತ್ತಾರೆ. ಕೆಲಸಕ್ಕೂ ಕಾಯಿಲೆಗೂ ಇರುವ ನಂಟು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕೆಲಸದಿಂದ ಸಾವು ಅಂದಾಗ ನಮಗೆ ನೆನಪಾಗುವುದು ಮರದಿಂದ ಬೀಳುವುದು, ಬೋಟ್ ಮಗುಚುವುದು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಮಾಡಿದ ಲೆಕ್ಕ ಬೇರೆ ಹೇಳುತ್ತದೆ. 2016ರಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನ ಕೆಲಸದ ಕಾರಣದಿಂದ ಸತ್ತರು. ಅದರಲ್ಲಿ ಶೇ 81ರಷ್ಟು ಕಾಯಿಲೆಯಿಂದ, ಶೇ 19ರಷ್ಟು ಮಾತ್ರ ಅಪಘಾತದಿಂದ. ಎಲ್ಲಕ್ಕಿಂತ ಜಾಸ್ತಿ ಜನರನ್ನು ಕೊಂದದ್ದು ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆ. ಅದರಿಂದ ಬಂದ ಹೃದಯದ ಕಾಯಿಲೆ ಮತ್ತು ಪಾರ್ಶ್ವವಾಯುವಿಗೆ ಸುಮಾರು 7.5 ಲಕ್ಷ ಜನ ಬಲಿಯಾದರು. ದೂಳು, ಹೊಗೆ, ಅನಿಲ ಸುಮಾರು 4.5 ಲಕ್ಷ ಜನರನ್ನು ತೆಗೆದುಕೊಂಡಿತು.

ಇಟಲಿಯ ವೈದ್ಯ ರಾಮಝಿನಿ 1700ರಲ್ಲೇ ಡಾಕ್ಟರುಗಳಿಗೆ ಒಂದು ಮಾತು ಹೇಳಿದ್ದರು. ರೋಗಿಯನ್ನು ನೋಡುವಾಗ "ನಿನ್ನ ಕೆಲಸ ಏನು?" ಎಂದೂ ಕೇಳಿ ಎಂದು. ಇವತ್ತು ಓಪಿಡಿಯ ರಶ್‌ನಲ್ಲಿ ಆ ಪ್ರಶ್ನೆಯೇ ತಪ್ಪಿ ಹೋಗುತ್ತದೆ. ಹಾಗಾಗಿ ಕೇಳದಿದ್ದರೂ ನೀವೇ ಹೇಳಬೇಕು. ಹೇಳುವುದಷ್ಟೇ ಅಲ್ಲ, ಅದು ಬರಹದಲ್ಲಿ ಉಳಿಯುವ ಹಾಗೆ ನೋಡಿಕೊಳ್ಳಬೇಕು.

1. ಮೊದಲು ನಿಮ್ಮ ಕೆಲಸದ ಚರಿತ್ರೆ ಬರೆಯಿರಿ

ಒಂದು ನೋಟ್‌ಬುಕ್ ಸಾಕು. ಮೊದಲ ಕೆಲಸಕ್ಕೆ ಸೇರಿದ ದಿನದಿಂದ ಶುರು ಮಾಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಊರು, ಮಾಲೀಕರು ಅಥವಾ ಕಂಟ್ರಾಕ್ಟರ್ ಯಾರು, ದಿನಕ್ಕೆ ಎಷ್ಟು ಗಂಟೆ, ಜೊತೆಗೆ ದುಡಿದವರು ಯಾರು, ಅವರ ಫೋನ್ ನಂಬರ್ ಏನು ಎಂದು ಬರೆಯಿರಿ. ಇದೆಲ್ಲಕ್ಕಿಂತ ಮುಖ್ಯವಾದದ್ದು ನೀವು ಕೈಯಾರೆ ಏನು ಮಾಡುತ್ತಿದ್ದಿರಿ, ಸುತ್ತ ಗಾಳಿಯಲ್ಲಿ ಏನಿತ್ತು ಎಂಬುದು.

ಇಲ್ಲಿ ಎಲ್ಲರೂ ಎಡವುವುದು "ಕೂಲಿ" ಎಂಬ ಒಂದು ಪದದಲ್ಲಿ. ಕೂಲಿ ಅಂದರೆ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ, ಕೋರ್ಟಿಗೂ ಗೊತ್ತಾಗುವುದಿಲ್ಲ. "2004ರಿಂದ 2011ರವರೆಗೆ ಕಾರ್ಕಳ ಕಡೆ ಜಲ್ಲಿ ಕ್ರಷರ್, ಯಂತ್ರಕ್ಕೆ ಕಲ್ಲು ಹಾಕುವ ಜಾಗದಲ್ಲಿ, ನೀರು ಸಿಂಪಡಿಸುತ್ತಿರಲಿಲ್ಲ" ಎಂದು ಬರೆದರೆ ಅದಕ್ಕೆ ಬೆಲೆ ಇದೆ.

ಬಿಟ್ಟು ಹೋಗುವ ಕೆಲಸಗಳನ್ನೂ ಸೇರಿಸಿ. ಗಲ್ಫ್‌ನಲ್ಲಿ ಕಳೆದ ವರ್ಷಗಳು, ಮಳೆಗಾಲದಲ್ಲಿ ಮಾತ್ರ ಮಾಡಿದ ಕೆಲಸ, ಮನೆಯಲ್ಲಿ ಕಟ್ಟಿದ ಬೀಡಿ, ಶಾಲೆಗೆ ಹೋಗುವಾಗ ಅಮ್ಮನಿಗೆ ಮಾಡಿದ ಸಹಾಯ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಗಂಡ ಮೈತುಂಬ ದೂಳು ಹೊತ್ತು ಬಂದು, ಆ ಬಟ್ಟೆ ಕೊಡವಿ ಒಗೆಯುವುದು ಹೆಂಡತಿಯಾದರೆ ಅದನ್ನೂ ಬರೆಯಿರಿ.

ಜೊತೆಗೆ ಪುರಾವೆ ಕೂಡಿಸಿ. ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಬೀಡಿ ಕಾರ್ಮಿಕರ ಗುರುತಿನ ಚೀಟಿ, ಗೇಟ್ ಪಾಸ್, ಬ್ಯಾಂಕಿಗೆ ಬಂದ ಸಂಬಳದ ಎಂಟ್ರಿ, ಎಲ್ಲದರ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿನಲ್ಲೂ ಇಡಿ. ಕೆಲಸ ಬಿಟ್ಟು ಹತ್ತು ವರ್ಷ ಆದ ಮೇಲೆ ಇವನ್ನು ಹುಡುಕಲು ಹೊರಟರೆ ಕಂಪನಿಯೇ ಇರುವುದಿಲ್ಲ. ಈ ಕೆಲಸ ಆರೋಗ್ಯ ಚೆನ್ನಾಗಿರುವಾಗಲೇ ಆಗಬೇಕು.

2. ತೊಂದರೆ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ನೋಡಿ

ಮೂರ್ನಾಲ್ಕು ವಾರ ದಿನಕ್ಕೆ ಒಂದು ಸಾಲು ಬರೆಯಿರಿ. ಕೆಮ್ಮು, ಉಬ್ಬಸ, ತುರಿಕೆ, ತಲೆನೋವು ಯಾವ ಹೊತ್ತಿಗೆ ಬಂತು? ರಜೆ ಇದ್ದ ದಿನ ಕಡಿಮೆಯಾಯಿತಾ? ರಜೆ ಮುಗಿಸಿ ಹೋದ ದಿನ ಜಾಸ್ತಿಯಾಯಿತಾ? ಹೌದಾದರೆ ಕೆಲಸದ ಮೇಲೆ ಅನುಮಾನ ಪಡಬಹುದು. ಬೋಟಿನವರಿಗೆ ಇದಕ್ಕೆ ಒಳ್ಳೆಯ ಅವಕಾಶ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆ 61 ದಿನಗಳಲ್ಲಿ ಮೈ ಹೇಗಿರುತ್ತದೆ ಗಮನಿಸಿ. ಡಾಕ್ಟರನ್ನು ಕಾಣಲೂ ಅದೇ ಸರಿಯಾದ ಸಮಯ.

ಒಂದು ಎಚ್ಚರಿಕೆ. ನಿಧಾನವಾಗಿ ಬರುವ ಕಾಯಿಲೆಗಳು ರಜೆಯಲ್ಲಿ ಕಡಿಮೆಯಾಗುವುದಿಲ್ಲ. ಕಲ್ಲಿನ ದೂಳಿನ ಕಾಯಿಲೆ, ಇಂಜಿನ್ ಸದ್ದಿನಿಂದ ಬರುವ ಕಿವುಡು ಕೆಲಸ ಬಿಟ್ಟ ಮೇಲೂ ಉಳಿಯುತ್ತವೆ. "ರಜೆಯಲ್ಲೂ ಹಾಗೇ ಇದೆ, ಹಾಗಾದರೆ ಕೆಲಸದಿಂದ ಅಲ್ಲ" ಎಂದು ತೀರ್ಮಾನಿಸಬೇಡಿ.

ಇನ್ನೊಂದು ಮಾತು ಎಲ್ಲಾ ಕಡೆ ಕೇಳಿಬರುತ್ತದೆ. "ಅವರು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದಾರೆ, ಅವರಿಗೇನೂ ಆಗಿಲ್ಲ ಅಲ್ವಾ?" ಇದನ್ನು ನಂಬಿ ಮೋಸ ಹೋಗಬೇಡಿ. ಕಾಯಿಲೆ ಬಿದ್ದವರು ಕೆಲಸ ಬಿಟ್ಟು ಮನೆಯಲ್ಲಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಗಟ್ಟಿ ಇದ್ದವರು ಮಾತ್ರ ಇನ್ನೂ ಕೆಲಸದಲ್ಲಿ ಕಾಣುತ್ತಾರೆ. ಸಾವಿನ ಲೆಕ್ಕ ಹಾಕುವ ತಜ್ಞರು ಇದನ್ನು ಆರೋಗ್ಯವಂತ ಕೆಲಸಗಾರರ ಪರಿಣಾಮ ಎಂದು ಕರೆಯುತ್ತಾರೆ. ಅವರ ಲೆಕ್ಕವೇ ಇದರಿಂದ ತಪ್ಪುವುದುಂಟು. ಹಾಗಾಗಿ ಈಗ ಇರುವವರನ್ನು ಕೇಳಬೇಡಿ. ಬಿಟ್ಟು ಹೋದವರ ಮನೆಗೆ ಹೋಗಿ ವಿಚಾರಿಸಿ.

3. ನಿಮ್ಮ ಕೆಲಸದಲ್ಲಿ ಯಾವುದಕ್ಕೆ ಹೆದರಬೇಕು ತಿಳಿಯಿರಿ

ಕಲ್ಲಿನ ದೂಳಿನಿಂದ ಶುರು ಮಾಡುತ್ತೇನೆ. ನನ್ನ ಪ್ರಕಾರ ನಮ್ಮ ಕಡೆ ಅತಿ ಹೆಚ್ಚು ಭಯಪಡಬೇಕಾದ್ದು ಇದಕ್ಕೇ. ಗ್ರಾನೈಟ್, ಮರಳು, ಕಾಂಕ್ರೀಟ್, ಟೈಲ್ಸ್ ಎಲ್ಲದರಲ್ಲೂ ಸಿಲಿಕಾ ಎಂಬ ಖನಿಜ ಇದೆ. ಒಡೆದಾಗ, ಕತ್ತರಿಸಿದಾಗ, ಉಜ್ಜಿದಾಗ ಅದರ ಅತಿ ಸಣ್ಣ ಕಣಗಳು ಗಾಳಿಗೆ ಬರುತ್ತವೆ. ಕಣ್ಣಿಗೆ ಕಾಣುವ ದೂಳು ಹೆಚ್ಚಾಗಿ ಮೂಗು, ಗಂಟಲಿನಲ್ಲೇ ನಿಲ್ಲುತ್ತದೆ. ಕಾಣದ ದೂಳು ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ಅಲ್ಲಿನ ಮೆತ್ತನೆಯ ಭಾಗ ಗಾಯವಾಗಿ, ಗಟ್ಟಿಯಾಗಿ, ಉಸಿರು ಹಿಡಿಯುವ ಶಕ್ತಿ ಹೋಗುತ್ತದೆ. ಇದರ ಹೆಸರು ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ಕಾಣಿಸುತ್ತದೆ. ದೂಳು ವಿಪರೀತ ಇದ್ದರೆ ಕೆಲವೇ ವರ್ಷಗಳಲ್ಲೂ ಬರಬಹುದು. ಇದನ್ನು ವಾಸಿ ಮಾಡುವ ಮದ್ದು ಇಲ್ಲ. ಸಿಲಿಕಾ ದೂಳಿನಿಂದ ಕ್ಷಯ ಮತ್ತು ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚು.

ಕ್ರಷರ್, ಕೋರೆ, ವಿಗ್ರಹ ಕೆತ್ತನೆ, ಗ್ರಾನೈಟ್ ಕಟ್ಟಿಂಗ್, ಗೋಡೆ ಕೊರೆಯುವುದು, ಟೈಲ್ಸ್ ಹಾಕುವುದು ಎಲ್ಲವೂ ಈ ಸಾಲಿಗೆ ಬರುತ್ತವೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಹಂಚಿನ ಉದ್ಯಮದಲ್ಲೂ ಒಣ ಮಣ್ಣಿನ ದೂಳಿನ ಅಪಾಯ ಇದೆ. ಈಗಿನ ದೊಡ್ಡ ಚಿಂತೆ ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್. ಅದರಲ್ಲಿ ಸಿಲಿಕಾ ಶೇ 90ಕ್ಕೂ ಮೇಲಿರಬಹುದು. ಅದನ್ನು ಒಣಗಿದ ಹಾಗೇ ಗ್ರೈಂಡರ್‌ನಲ್ಲಿ ಕತ್ತರಿಸಿದ ಯುವಕರಿಗೆ ಬೇಗ ಕಾಯಿಲೆ ಬಂದದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಸ್ಲ್ಯಾಬ್‌ಗಳನ್ನು ನಿಷೇಧಿಸಿತು.

ಬೀಡಿ ಕಟ್ಟುವವರಿಗೆ ಹೊಗೆಸೊಪ್ಪಿನ ದೂಳು ಉಸಿರಲ್ಲಿ ಹೋಗುತ್ತದೆ. ಅಷ್ಟೇ ಅಲ್ಲ, ಬೆರಳಿನ ಚರ್ಮದಿಂದಲೂ ನಿಕೋಟಿನ್ ಒಳಗೆ ಇಳಿಯುತ್ತದೆ. ಬೀಡಿ ಸೇದದ ಹೆಂಗಸಿನ ಮೈಯಲ್ಲೂ ನಿಕೋಟಿನ್ ಸಿಗುವುದು ಹೀಗೆ. ತಲೆಸುತ್ತು, ವಾಕರಿಕೆ, ತಲೆನೋವು, ಕೆಮ್ಮು, ಜೊತೆಗೆ ಬಗ್ಗಿ ಕೂತು ಕೂತು ಕುತ್ತಿಗೆ, ಸೊಂಟದ ನೋವು. ಕಟ್ಟಿ ಆದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟ ಮಾಡಬೇಡಿ, ಮಗುವಿಗೆ ಹಾಲು ಕೊಡಬೇಡಿ. ಸೊಪ್ಪನ್ನು ಮಲಗುವ ಕೋಣೆಯಲ್ಲಿ, ಅಡುಗೆಮನೆಯಲ್ಲಿ ಇಡಬೇಡಿ. ಬಸುರಿಯಾಗಿದ್ದರೆ ಬೀಡಿ ಕಟ್ಟುವ ವಿಷಯವನ್ನು ಮೊದಲ ತಪಾಸಣೆಯಲ್ಲೇ ಹೇಳಿ.

ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಬೆರಳು ಕಪ್ಪಾಗಿ ಸಿಪ್ಪೆ ಏಳುವುದು "ಎಲ್ಲರಿಗೂ ಆಗುವಂಥದ್ದು" ಅಂತ ಸುಮ್ನೆ ಬಿಡುವುದಲ್ಲ, ಅದು ಕೆಲಸದಿಂದ ಬಂದ ಚರ್ಮರೋಗ. ಬೀಜ ಹುರಿಯುವ ಕಡೆಯ ಹೊಗೆ ಕಣ್ಣು, ಗಂಟಲು ಕೆಡಿಸುತ್ತದೆ.

ಬೋಟಿನಲ್ಲಿ ಇಂಜಿನ್ ಸದ್ದು ಕಿವಿ ತಿನ್ನುತ್ತದೆ. ಒಂದು ಕೈಯಳತೆ ದೂರದಲ್ಲಿ ಇರುವವರಿಗೆ ಕೂಗಿ ಹೇಳಬೇಕಾದರೆ ಆ ಸದ್ದು ಅಪಾಯದ ಮಟ್ಟದಲ್ಲಿದೆ ಎಂದು ಅರ್ಥ. ಅದಕ್ಕಿಂತ ಬೇಗ ಕೊಲ್ಲುವುದು ಕೊಳೆತ ಮೀನಿನ ಗಾಳಿ. ಮೀನು ತುಂಬುವ ಮುಚ್ಚಿದ ಜಾಗ, ಮೀನಿನ ತ್ಯಾಜ್ಯದ ಟ್ಯಾಂಕ್, ಶೌಚಗುಂಡಿ ಇಲ್ಲೆಲ್ಲ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಸೇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅನಿಲ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಎಂದು ಇಳಿದರೆ ಮುಗಿಯಿತು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಹತ್ತಿರದ ಮೀನು ಸಂಸ್ಕರಣಾ ಘಟಕದ ಟ್ಯಾಂಕ್‌ನಲ್ಲಿ ಐವರು ಪ್ರಾಣ ಬಿಟ್ಟರು. ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯುವುದು, ಅವರೂ ಬೀಳುವುದು, ಇಂಥ ಸಾವುಗಳಲ್ಲಿ ಹೆಚ್ಚಾಗಿ ಆಗುವುದು ಹೀಗೇ. ದಯವಿಟ್ಟು ಇಳಿಯಬೇಡಿ. 112ಕ್ಕೆ ಕರೆ ಮಾಡಿ. ಉಸಿರಾಟದ ಉಪಕರಣ ಇರುವ ಅಗ್ನಿಶಾಮಕ ದಳದವರೇ ಇಳಿಯಬೇಕು.

ಗದ್ದೆ, ತೋಟದವರು ಮಳೆಗಾಲದ ಜ್ವರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಇಲಿ ಜ್ವರ ಇರಬಹುದು. ಇಲಿ ಮೂತ್ರ ಸೇರಿದ ನೀರು ಕಾಲಿನ ಗಾಯದಿಂದ ಒಳಗೆ ಹೋಗಿ ಬರುವ ಕಾಯಿಲೆ ಅದು. ತಡವಾದರೆ ಕಿಡ್ನಿ, ಲಿವರ್, ಶ್ವಾಸಕೋಶ ಕೆಡುತ್ತದೆ. ಡಾಕ್ಟರಿಗೆ "ಜ್ವರ" ಎಂದಷ್ಟೇ ಹೇಳಬೇಡಿ, "ಗದ್ದೆಯಲ್ಲಿ ನಿಂತು ಕೆಲಸ ಮಾಡುತ್ತೇನೆ" ಎಂದೂ ಹೇಳಿ. ಅಡಿಕೆಗೆ ಮದ್ದು ಬಿಡುವವರು, ಅಂದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು, ಮರದಿಂದ ಬೀಳುವ ಭಯದ ಜೊತೆ ಮೈಲುತುತ್ತಿನ ತುಂತುರಿನ ಬಗ್ಗೆಯೂ ಯೋಚಿಸಬೇಕು. ಇದೇ ಬೋರ್ಡೋ ಸಿಂಪಡಿಸುತ್ತಿದ್ದ ಪೋರ್ಚುಗಲ್‌ನ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶ ಕೆಟ್ಟದ್ದನ್ನು ಅಲ್ಲಿನ ವೈದ್ಯರು 1960ರ ದಶಕದಲ್ಲೇ ದಾಖಲಿಸಿದ್ದಾರೆ.

4. ಡಾಕ್ಟರ ಬಳಿ ಹೋಗುವಾಗ

ನೋಟ್‌ಬುಕ್ ತೆಗೆದುಕೊಂಡು ಹೋಗಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಇಎಸ್‌ಐ ಇದ್ದವರಿಗೆ ಶಿವಬಾಗ್‌ನ ಇಎಸ್‌ಐ ಆಸ್ಪತ್ರೆ ಇದೆ. ಮೊದಲ ಮಾತಿನಲ್ಲೇ ಕೆಲಸ ಹೇಳಿ. "ಇದನ್ನು ಚೀಟಿಯಲ್ಲಿ ಬರೆಯಿರಿ ಡಾಕ್ಟ್ರೇ" ಎಂದು ಕೇಳಲು ಹಿಂಜರಿಯಬೇಡಿ. ಮುಂದೆ ಆ ಒಂದು ಸಾಲೇ ನಿಮ್ಮ ದೊಡ್ಡ ಸಾಕ್ಷಿ.

ದೂಳಿನ ಕೆಲಸದವರಿಗೆ ಎದೆಯ ಎಕ್ಸ್‌ರೇ ಮತ್ತು ಸ್ಪೈರೋಮೆಟ್ರಿ ಬೇಕಾಗುತ್ತದೆ. ಸ್ಪೈರೋಮೆಟ್ರಿ ಅಂದರೆ ಕೊಳವೆಗೆ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ. ಸದ್ದಿನ ಕೆಲಸದವರಿಗೆ ಆಡಿಯೋಮೆಟ್ರಿ, ಅಂದರೆ ಕಿವಿಯ ಪರೀಕ್ಷೆ. ಎಕ್ಸ್‌ರೇ ಫಿಲ್ಮ್ ಎಸೆಯಬೇಡಿ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಕಾಯಿಲೆ ಬೆಳೆದದ್ದು ಗೊತ್ತಾಗುತ್ತದೆ.

ಇಲ್ಲಿನ ದೊಡ್ಡ ಗುಂಡಿ ಟಿಬಿ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಟಿಬಿಯ ಹಾಗೇ ಕಾಣಬಹುದು. ಕಫದ ಪರೀಕ್ಷೆಯಲ್ಲಿ ಟಿಬಿ ಸಿಗದೆ ಇದ್ದರೆ, ಅಥವಾ ಪೂರ್ತಿ ಕೋರ್ಸ್ ಮುಗಿದ ಮೇಲೂ ಉಸಿರು ಸುಧಾರಿಸದಿದ್ದರೆ, "ಇದು ಕಲ್ಲಿನ ದೂಳಿನದ್ದು ಇರಬಹುದಾ?" ಎಂದು ನೇರವಾಗಿ ಕೇಳಿ. ಎರಡೂ ಒಟ್ಟಿಗೆ ಇರಬಹುದು, ಹಾಗಾಗಿ ಟಿಬಿ ಮದ್ದನ್ನು ನೀವಾಗಿ ನಿಲ್ಲಿಸಬೇಡಿ.

"ಸಿಗರೇಟ್ ಸೇದ್ತೀರಾ? ಹಾಗಾದ್ರೆ ಅದರದ್ದೇ" ಎಂಬ ಮಾತು ಬರುತ್ತದೆ. ಸೇದುವುದು ಬಿಡಲೇಬೇಕು. ಆದರೆ ಸಿಲಿಕೋಸಿಸ್ ಸಿಗರೇಟಿನಿಂದ ಬರುವುದಿಲ್ಲ, ಸಿಲಿಕಾ ದೂಳಿನಿಂದ ಮಾತ್ರ ಬರುತ್ತದೆ. ಕಾರ್ಖಾನೆ ಕಾನೂನಿನಲ್ಲಿ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಕಾರ್ಖಾನೆ ಕೆಲಸಗಾರರಲ್ಲಿ ಇದನ್ನು ಕಂಡ ವೈದ್ಯರು ಕಾರ್ಖಾನೆ ಇಲಾಖೆಗೆ ವರದಿ ಕಳಿಸಬೇಕು. ಕಳಿಸಿದ್ದಾರಾ ಎಂದು ಕೇಳಿ.

5. ಕೆಲಸ ಬಿಡಲಾಗದಿದ್ದರೆ

ಹೆಚ್ಚಿನವರಿಗೆ ಬಿಡಲು ಆಗುವುದಿಲ್ಲ, ಅದು ನನಗೆ ಗೊತ್ತು. ಹಾಗಿದ್ದರೆ ದೂಳು ಏಳದಂತೆ ಮಾಡುವುದೇ ಮೊದಲ ಕೆಲಸ. ಕತ್ತರಿಸುವ ಬ್ಲೇಡಿಗೆ ನೀರು ಬೀಳುತ್ತಾ ಇರಬೇಕು. ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಮಾಡಿ ತೆಗೆಯಿರಿ. ಕೆಲಸದ ಬಟ್ಟೆ ಮನೆಗೆ ತರಬೇಡಿ. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಕಾಣುವ ದೂಳು ನಿಲ್ಲುತ್ತದೆ, ಕೊಲ್ಲುವ ದೂಳು ನಿಲ್ಲುವುದಿಲ್ಲ. ಕನಿಷ್ಠ ಎನ್95 ಮಾಸ್ಕ್ ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು. ನಮ್ಮ ಸೆಕೆಗೆ ಇಡೀ ದಿನ ಅದನ್ನು ಹಾಕಿಕೊಂಡು ದುಡಿಯುವುದು ಕಷ್ಟ. ಆದ್ದರಿಂದಲೇ ಮಾಸ್ಕ್ ಕೊಟ್ಟು ಕೈ ತೊಳೆದುಕೊಳ್ಳುವ ಮಾಲೀಕರನ್ನು ನಾನು ಒಪ್ಪುವುದಿಲ್ಲ. ನೀರಿನ ವ್ಯವಸ್ಥೆ ಮಾಡಿಸುವುದು ಅವರ ಹೊಣೆ. ಕೇಳದಿದ್ದರೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಗೆ ದೂರು ಕೊಡಬಹುದು.

2025ರ ನವೆಂಬರ್ 21ರಿಂದ ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. 40 ವರ್ಷ ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅದರ ಒಂದು ಭಾಗ. ಅದನ್ನು ಕೇಳಿ ಪಡೆಯಿರಿ, ವರದಿಯ ಪ್ರತಿ ನಿಮ್ಮ ಹತ್ತಿರ ಇರಲಿ.

6. ಹಣದ ಸಹಾಯ ಎಲ್ಲಿ ಸಿಗುತ್ತದೆ

ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಸಂಸ್ಥೆ ನೋಂದಣಿಯಾಗಿದ್ದರೆ ನಿಮಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇರುತ್ತದೆ. ನಿಮ್ಮ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ. ಕೆಲಸದಿಂದಲೇ ಬಂದ ಕಾಯಿಲೆ ಎಂದಾದರೆ ದುಡಿಯಲಾಗದ ದಿನಗಳಿಗೆ ಶೇ 90. ಶಾಶ್ವತವಾಗಿ ಶಕ್ತಿ ಕುಂದಿದರೆ ವೈದ್ಯಕೀಯ ಮಂಡಳಿ ಎಷ್ಟು ಎಂದು ನಿಗದಿ ಮಾಡುತ್ತದೆ, ಅದರಂತೆ ಜೀವನಪೂರ್ತಿ ಹಣ ಬರುತ್ತದೆ. ಸಾವಾದರೆ ಅವಲಂಬಿತರಿಗೆ ಪಿಂಚಣಿ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಆದರೂ ಬಹಳ ಜನರ ಕಾಯಿಲೆ "ಸಾಮಾನ್ಯ" ಎಂದೇ ದಾಖಲಾಗಿ ಹೋಗುತ್ತದೆ. ಮೊದಲ ದಿನವೇ ಕೆಲಸದ ವಿಷಯ ಬರೆಸಿ. ನಿಮ್ಮ ಕಂತು ನಿಜವಾಗಿ ಕಟ್ಟಿದ್ದಾರಾ ಎಂದೂ ಆನ್‌ಲೈನ್‌ನಲ್ಲಿ ಆಗಾಗ ನೋಡಿ.

ಇಎಸ್‌ಐ ಇಲ್ಲದವರಿಗೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು ಇದೆ. 1923ರ ಕಾಯ್ದೆಯಲ್ಲಿದ್ದ ಈ ಹಕ್ಕು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಕಾಯಿಲೆಗಳ ಪಟ್ಟಿಯೂ ಅದರಲ್ಲಿದೆ, ಸಿಲಿಕೋಸಿಸ್‌ನಂಥ ದೂಳಿನ ಕಾಯಿಲೆ ಮತ್ತು ಸದ್ದಿನ ಕಿವುಡು ಆ ಪಟ್ಟಿಯಲ್ಲಿ ಇವೆ. ಹಣದ ಲೆಕ್ಕ ಹೀಗೆ: ಸಾವಾದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 40 ವರ್ಷಕ್ಕೆ ಆ ಅಂಕಿ 184.17. ಸಂಬಳ 15,000 ಎಂದು ಹಿಡಿದರೆ 13,81,275 ರೂಪಾಯಿ. ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ಅರ್ಧದ ಬದಲು ಶೇ 60. ಅರ್ಜಿಗೆ ಗಡುವು ಇದೆ, ಹಳೆಯ ಕಾಯ್ದೆಯಲ್ಲಿ ಅದು 2 ವರ್ಷ ಇತ್ತು. ಆದ್ದರಿಂದ ಕಾಯಿಲೆ ಎಂದು ಬರಹದಲ್ಲಿ ಬಂದ ಕೂಡಲೇ ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಿ. "ಸ್ವಲ್ಪ ಹಣ ಕೊಡ್ತೇವೆ, ಇಲ್ಲಿ ಸಹಿ ಹಾಕಿ" ಎಂದರೆ ಓದದೆ ಸಹಿ ಹಾಕಬೇಡಿ.

ಕಟ್ಟಡ ಕೆಲಸದವರು, ಟೈಲ್ಸ್, ಗ್ರಾನೈಟ್ ಹಾಕುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ವಕೀಲರಿಗೆ ಹಣ ಇಲ್ಲ ಎಂದು ಬಿಡಬೇಡಿ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

7. ಮನೆಯವರು ತೀರಿಕೊಂಡರೆ

ಆ ಹೊತ್ತಿನಲ್ಲಿ ಕಾಗದದ ಮಾತು ಆಡುವುದು ಕಷ್ಟ. ಹತ್ತಿರದ ನೆಂಟರಲ್ಲಿ ಒಬ್ಬರಿಗೆ ಈ ಹೊಣೆ ಕೊಡಿ.

ಸಾವಿನ ಕಾರಣದ ಪ್ರಮಾಣಪತ್ರದಲ್ಲಿ ಬರೀ "ಹೃದಯ ಸ್ತಂಭನ" ಎಂದಿದ್ದರೆ ಪ್ರಯೋಜನವಿಲ್ಲ. ಹೃದಯ ಎಲ್ಲರದ್ದೂ ನಿಲ್ಲುತ್ತದೆ. ಅದಕ್ಕೆ ಮೂಲ ಕಾರಣವಾದ ಕಾಯಿಲೆಗೆ ಆ ಪತ್ರದಲ್ಲಿ ಬೇರೆ ಸಾಲು ಇದೆ, ಅಲ್ಲಿ ಸಿಲಿಕೋಸಿಸ್ ಅಥವಾ ಇನ್ನಾವುದೇ ಕಾಯಿಲೆಯ ಹೆಸರು ಬರಬೇಕು. 2023ರ ತಿದ್ದುಪಡಿಯ ನಂತರ ಈ ಪತ್ರದ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಗೆ ಉಚಿತವಾಗಿ ಕೊಡಬೇಕು. ಕೇಳಿ ತೆಗೆದುಕೊಳ್ಳಿ. ದೂಳಿನ ಕಾಯಿಲೆಯ ಅನುಮಾನ ಇದ್ದು ಜೀವ ಇರುವಾಗ ಖಚಿತವಾಗದೆ ಹೋಗಿದ್ದರೆ ಮರಣೋತ್ತರ ಪರೀಕ್ಷೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅಂತ್ಯಸಂಸ್ಕಾರ ಆದ ಮೇಲೆ ಆ ಪುರಾವೆ ಸಿಗುವುದಿಲ್ಲ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆ ವರದಿಯ ನಮೂನೆ 2ರಲ್ಲಿ ಮೃತರ ಉದ್ಯೋಗ ಎಂಬ ಕಾಲಂ ಇದೆ. ಆಸ್ಪತ್ರೆಯವರೇ ತುಂಬುತ್ತಿದ್ದರೂ ಪಕ್ಕದಲ್ಲಿ ನಿಂತು ಹೇಳಿ. ಅಲ್ಲೂ "ಕೂಲಿ" ಎಂದಾಗಲಿ "ಇಲ್ಲ" ಎಂದಾಗಲಿ ಬರೆಸಬೇಡಿ. ಕೊನೆಯ ಕೆಲವು ವರ್ಷ ಕಾಯಿಲೆಯಿಂದ ಮನೆಯಲ್ಲೇ ಇದ್ದರೂ, ಬದುಕಿನ ಹೆಚ್ಚಿನ ಕಾಲ ಮಾಡಿದ ಕೆಲಸ ಯಾವುದೋ ಅದನ್ನೇ ಬರೆಸಿ: ಜಲ್ಲಿ ಕ್ರಷರ್ ಕಾರ್ಮಿಕ, ಬೀಡಿ ಕಾರ್ಮಿಕೆ, ಟ್ರಾಲ್ ಬೋಟ್ ಮೀನುಗಾರ. ಯಾವ ಕೆಲಸದವರು ಯಾವ ಕಾಯಿಲೆಯಿಂದ ಎಷ್ಟು ಬೇಗ ಸಾಯುತ್ತಾರೆ ಎಂದು ನಾಳೆ ಯಾರಾದರೂ ಲೆಕ್ಕ ಹಾಕಿದರೆ, ಅವರು ತೆರೆದು ನೋಡುವುದು ಇದೇ ಕಾಲಂ.